ಎರಡನೆಯ ಅರ್ಧ ಮೊದಲು ಬಂದ ದಿನ

ಈ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಸೀದಾ ಬರೆಯಬೇಕೆಂದು ನನ್ನ ಸೋದರಮಾವ ಷರತ್ತು ಹಾಕಿದ್ದಾರೆ. ನಡುವಿನಿಂದ ಶುರು ಮಾಡುವಂತಿಲ್ಲ. ಕೊನೆಯನ್ನು ತಂದು ಮೊದಲಿಗೆ ಇಡುವಂತಿಲ್ಲ. ಒಂದೇ ಪ್ರಸಂಗವನ್ನು ಮೂರು ರೀತಿ ಹೇಳಿ, ಯಾವುದು ನಿಜವೋ ನೀವೇ ನೋಡಿಕೊಳ್ಳಿ ಎಂದು ಓದುವವರ ಮೇಲೆ ಹೊರಿಸುವಂತಿಲ್ಲ. ಹದಿನೈದು ವರ್ಷ ಇದನ್ನೇ ಮಾಡಿ ಒಂದಿಷ್ಟು ಹೆಸರು ಮಾಡಿಕೊಂಡವನಿಗೆ ಇದು ಸಣ್ಣ ಶಿಕ್ಷೆಯಲ್ಲ.

"ನೀ ಉಲ್ಟಾ ಬರದ್ರ ಮಂದಿ ಶಾಲು ಹೊದಿಸ್ತಾರ," ಎಂದರು ಮಾಮಾ. "ನಾ ಜಲ್ಮದಾಗ ಒಂದ ಸಲ ಉಲ್ಟಾ ಮಾಡೀನಿ. ಅದೂ ಗೊತ್ತಿಲ್ದ. ನನಗೇನು ಸಿಕ್ತು ಹೇಳು?"

ಅವರಿಗೆ ಸಿಕ್ಕಿದ್ದು ಒಂದು ಅಡ್ಡಹೆಸರು. ಸುರಪುರದಲ್ಲಿ ಅವರ ಹಿಟ್ಟಿನ ಗಿರಣಿಗೆ ಉಲ್ಟಾ ಗಿರಣಿ ಎನ್ನುತ್ತಾರೆ. ಆ ಹೆಸರು ಬೀಳಲು ಕಾರಣ ನಾನು ಬರೆದ ಒಂದು ಲೇಖನ. ಈಗ ಅವರಿಗೆ ಬೇಕಾದದ್ದು ಇಷ್ಟೇ: ಆ ದಿನ ಟಾಕೀಸಿನಲ್ಲಿ ಜನ ಕುರ್ಚಿ ಹರಿಯಲಿಲ್ಲ ಎಂದು, ಹರಿದರು ಎಂದು ಬರೆದ ನಾನೇ ಬರೆದುಕೊಡಬೇಕು.

ಸರಿ, ಸೀದಾ ಬರುತ್ತೇನೆ.

ಮೂವತ್ತು ವರ್ಷದ ಹಿಂದೆ ಶಹಾಪುರದ ಟಾಕೀಸಿಗೂ ಸುರಪುರದ ಟಾಕೀಸಿಗೂ ಸೇರಿ ಸಿನಿಮಾದ ಒಂದೇ ಪ್ರತಿ ಬರುತ್ತಿತ್ತು. ಶಹಾಪುರದಲ್ಲಿ ಆಟ ಬೇಗ ಶುರು, ನಮ್ಮಲ್ಲಿ ತಡವಾಗಿ. ಅಲ್ಲಿ ಮೊದಲ ಅರ್ಧ ಮುಗಿದು ವಿರಾಮ ಬಿಟ್ಟ ಕೂಡಲೇ ಆ ರೀಲಿನ ಡಬ್ಬಿಗಳನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮೋಟಾರ್ ಸೈಕಲ್ ಮೇಲೆ ಸುರಪುರಕ್ಕೆ ತಂದು ಮುಟ್ಟಿಸಬೇಕು. ಮತ್ತೆ ಹೋಗಿ ಎರಡನೆಯ ಅರ್ಧ ತರಬೇಕು. ಮಾಮಾನ ಕೆಲಸ ಅದು. ಹತ್ತಿ ಗಾಡಿಗಳ ಹಿಂದೆ, ಕುರಿಹಿಂಡಿನ ನಡುವೆ, ದಿನಕ್ಕೆ ಎಷ್ಟೋ ಸಲ. ಇಡೀ ಊರಿಗೆ ಸಿನಿಮಾ ತೋರಿಸಿದ ಆ ಮನುಷ್ಯ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಶಹಾಪುರದಲ್ಲಿ ವಿರಾಮದ ಮುಂಚಿನ ಐದು ನಿಮಿಷ, ಸುರಪುರದಲ್ಲಿ ಮೊದಲಿನ ಐದು ನಿಮಿಷ, ಉಳಿದದ್ದೆಲ್ಲ ರಸ್ತೆ.

ಚೀಲಗಳು ಎರಡು. ಎರಡೂ ಒಂದೇ ಥರದವು. ಮೊದಲ ಅರ್ಧದ ಚೀಲದ ಬಾಯಿಗೆ ಮಾಮಾ ಒಂದು ಕೆಂಪು ಲಾಡಿ ಕಟ್ಟುತ್ತಿದ್ದರು. ಕೆಂಪು ಲಾಡಿ ಇದ್ದದ್ದು ಮೊದಲು ಹೋಗಬೇಕು. ಅಷ್ಟೇ ಶಾಸ್ತ್ರ.

ಆ ಶುಕ್ರವಾರ ಬಂದದ್ದು ಆಕಾಶದಲ್ಲಿ ಹಾರುವವನ ಸಿನಿಮಾ. ಹೊರದೇಶದ್ದು, ಹಿಂದಿ ಮಾತು ಹಾಕಿದ್ದು. ಲಾಡಿ ಯಾಕೆ ಬದಲಾಯಿತು ಎನ್ನುವುದಕ್ಕೆ ಮಾಮಾ ಈವರೆಗೆ ಮೂರು ಕಾರಣ ಕೊಟ್ಟಿದ್ದಾರೆ. ಮೂರನ್ನೂ ಹೇಳಕೂಡದು ಎಂಬ ಷರತ್ತು ಇರುವುದರಿಂದ ಒಂದನ್ನೇ ಹೇಳುತ್ತೇನೆ. ಶಹಾಪುರದ ಗೇಟ್‌ಕೀಪರನ ಪಾಯಿಜಾಮದ ಲಾಡಿ ಜನರ ನೂಕಾಟದಲ್ಲಿ ಹರಿದುಹೋಯಿತು. ಆತ ಚೀಲದ ಕೆಂಪು ಲಾಡಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ. ವಿರಾಮದ ಹೊತ್ತಿಗೆ ಬೇರೆ ಲಾಡಿ ಸಿಕ್ಕಿತು. ಪ್ರಾಮಾಣಿಕ ಮನುಷ್ಯ; ಕೆಂಪು ಲಾಡಿಯನ್ನು ತಂದು ಚೀಲಕ್ಕೇ ಕಟ್ಟಿದ. ಚೀಲ ಮಾತ್ರ ಬೇರೆ. ಆಪರೇಟರ್ ಚಹಾಕ್ಕೆ ಹೋಗಿದ್ದ. ಮಾಮಾ ಓಡುತ್ತ ಬಂದರು, ಲಾಡಿ ನೋಡಿದರು, ಚೀಲ ಹೊತ್ತರು, ಹೊರಟರು.

ಶಹಾಪುರದಲ್ಲಿ ವಿರಾಮ ಮುಗಿದು ಉಳಿದ ಚೀಲ ಬಿಚ್ಚಿ ನೋಡಿದರೆ ಅದರಲ್ಲಿ ಆಗಷ್ಟೇ ಓಡಿಸಿದ ಮೊದಲ ಅರ್ಧ. ಜನ ಸೀಟಿ ಹೊಡೆಯತೊಡಗಿದ್ದರು. ಆಪರೇಟರ್ ಅದನ್ನೇ ಮತ್ತೆ ಹಚ್ಚಿದ. ಹೀಗೆ ಶಹಾಪುರದವರು ಒಂದೇ ಆಟದಲ್ಲಿ ಹಾರುವವನು ಎರಡು ಸಲ ಹುಟ್ಟಿದ್ದನ್ನು, ಎರಡು ಸಲ ದೊಡ್ಡವನಾದದ್ದನ್ನು ನೋಡಿದರು. ಒಂದೇ ನಾಯಕನನ್ನು ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡಿ ತೋರಿಸುವುದಕ್ಕೆ ಈಗ ರೀಬೂಟ್ ಎನ್ನುತ್ತಾರೆ. ಮೊದಲ ರೀಬೂಟ್ ನಡೆದದ್ದು ಶಹಾಪುರದಲ್ಲಿ ಎಂದು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಇತ್ತ ಸುರಪುರದಲ್ಲಿ ಮಾಮಾ ಚೀಲ ಇಳಿಸಿದರು. ನಮ್ಮ ಆಪರೇಟರ್ ಚಾಚಾ ಮೊದಲ ಡಬ್ಬಿ ತೆಗೆದು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಹಣೆ ಬಡಿದುಕೊಂಡರಂತೆ.

"ಯೇ ಕೈಕು ಲಾಯಾ ರೇ? ಯೇ ತೋ ಪಿಛ್ಲಾ ಹೈ!"

"ಹಿಂದಿಂದಾ? ಲಾಡಿ ಕೆಂಪ ಅದಲ್ರಿ ಚಾಚಾ!"

"ಲಾಡೀನ ಹಚ್ಚಿ ತೋರಸ್ಲೇನು ಮಂದಿಗೆ?"

ಕೆಳಗಿನಿಂದ ಮ್ಯಾನೇಜರ್ ಕೂಗಿದ: "ಇದ್ದದ್ದು ಹಚ್ರಿ! ಮೊದಲು ದೀಪ ಆರಸ್ರಿ!"

ಇದ್ದದ್ದನ್ನು ಹಚ್ಚಿದರು. ಮಾಮಾ ಮೊದಲ ಅರ್ಧ ತರಲು ಮತ್ತೆ ಶಹಾಪುರದ ದಾರಿ ಹಿಡಿದರು.

ಸುರಪುರ ನೋಡಿದ ಸಿನಿಮಾ ಹೀಗಿತ್ತು. ದೀಪ ಆರಿದ ಕೂಡಲೇ ಒಬ್ಬ ಬಣ್ಣಬಣ್ಣದ ಕೌದಿ ಹೊದ್ದುಕೊಂಡು ಊರಿನ ಮೇಲೆ ಹಾರುತ್ತಿದ್ದಾನೆ. ಯಾರು, ಯಾಕೆ, ಯಾರಿಗೂ ಗೊತ್ತಿಲ್ಲ. ಯಾರೂ ಕೇಳಲಿಲ್ಲ, ದೇವರ ಸಿನಿಮಾದಲ್ಲಿ ದೇವರು ಹಾರಿದರೆ ಯಾರಾದರೂ ಕಾರಣ ಕೇಳುತ್ತಾರೆಯೇ? ಆತ ಕಬ್ಬಿಣದ ಕೈಯ ದುಷ್ಟನೊಂದಿಗೆ ಹೊಡೆದಾಡುತ್ತಾನೆ. ಕೌದಿಗೆ ಬೆಂಕಿ ಹತ್ತುತ್ತದೆ. ದುಷ್ಟ ಸಾಯುತ್ತಾನೆ, ಕೌದಿ ಸುಟ್ಟು ಬೂದಿಯಾಗುತ್ತದೆ, ಹಾರುವವನು ಬೀಳುತ್ತಾನೆ. ಆಮೇಲೆ ವಿರಾಮ. ಮಾಮಾ ಬರುವವರೆಗೆ ನಡೆದ ಆ ವಿರಾಮದಲ್ಲಿ ಹೊರಗಿನ ಮಿರ್ಚಿ ಭಜಿ ಒಂದೂ ಉಳಿಯಲಿಲ್ಲ. ನಂತರ ಮೊದಲ ಅರ್ಧ. ಒಂದು ಕೂಸು, ಅದಕ್ಕೊಬ್ಬಳು ಅಜ್ಜಿ. ಅಜ್ಜಿ ಅರಿವೆ ತುಂಡು ಜೋಡಿಸಿ ಕೌದಿ ಹೊಲಿಯುತ್ತಾಳೆ. ಕೂಸು ದೊಡ್ಡದಾಗಿ, ಕೌದಿ ಹೊದ್ದು, ಮಾಳಿಗೆಯ ತುದಿಗೆ ಬಂದು ನಿಂತು ಜಿಗಿಯುತ್ತದೆ. ಅವನು ಗಾಳಿಯಲ್ಲಿರುವಾಗಲೇ ಪರದೆಯ ಮೇಲೆ ವಿರಾಮ ಎಂಬ ಅಕ್ಷರ. ಸಿನಿಮಾ ಮುಗಿಯಿತು.

ಸತ್ತವನು ಮತ್ತೆ ಹುಟ್ಟಿದ, ಸುಟ್ಟ ಕೌದಿಯನ್ನು ಅಜ್ಜಿ ಮತ್ತೆ ಹೊಲಿದಳು ಎಂದು ಹೆಂಗಸರ ಕಡೆ ಕೂತವರು ಕಣ್ಣೊರೆಸಿಕೊಂಡರಂತೆ. ಸುರಪುರಕ್ಕೆ ಆ ಕಥೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ವಾರವೆಲ್ಲ ಸರಿಯಾದ ಕ್ರಮದಲ್ಲಿ ಓಡಿಸಿದ ಮೇಲೆ ಕೆಲವರು, ಶುಕ್ರವಾರದ್ದೇ ಛಲೋ ಇತ್ತು, ಇದರಲ್ಲಿ ಕೊನೆಗೆ ಸುಮ್ಮನೆ ಬಿದ್ದುಹೋಗುತ್ತಾನೆ ಎಂದು ದೂರಿದರಂತೆ.

ಇಷ್ಟು ನಡೆದದ್ದು. ಇದನ್ನು ನಾನು ಹನ್ನೊಂದು ವರ್ಷದ ಹಿಂದೆ ಒಂದು ಪತ್ರಿಕೆಯ ಪುರವಣಿಗೆ ಬರೆದೆ. ಮುಂದಿನ ಸಾಲಿನಲ್ಲಿ ಕೂತು ನೋಡಿದ ಒಂಬತ್ತು ವರ್ಷದ ಹುಡುಗನ ಕಣ್ಣಿನಿಂದ, ಕೊನೆಯಿಂದ ಹಿಂದಕ್ಕೆ, ಎಂದರೆ ಆ ದಿನದ ಕ್ರಮದಲ್ಲೇ. ಆದರೆ ಜನ ಸುಮ್ಮನೆ ಕೂತು ನೋಡಿ ಮನೆಗೆ ಹೋದರು ಎಂದರೆ ಲೇಖನಕ್ಕೆ ಏನು ರುಚಿ? ಹಾಗಾಗಿ ಜನರಿಂದ ಕುರ್ಚಿಯ ಸೀಟು ಹರಿಸಿದೆ, ಒಳಗಿನ ತೆಂಗಿನ ನಾರು ಗಾಳಿಗೆ ತೂರಿಸಿದೆ, ಮಾಮಾನನ್ನು ಟಾಕೀಸಿನ ಹಿಂದಿನ ಗೋಡೆ ಹಾರಿಸಿ ಓಡಿಸಿದೆ. ಲೇಖನ ಬಹಳ ಮೆಚ್ಚುಗೆ ಪಡೆಯಿತು. ಕಥೆಯನ್ನು ತಿರುವಿ ಹೇಳುವ ಈ ವಿಧಾನ ಎಲ್ಲಿಂದ ಬಂತು ಎಂದು ಯಾರೋ ಕೇಳಿದಾಗ ನಾನು ಹೊರದೇಶದ ಮೂವರು ಲೇಖಕರ ಹೆಸರು ಹೇಳಿದೆ. ಮೂವರಲ್ಲಿ ಒಬ್ಬರನ್ನು ಈಗಲೂ ಓದಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರದ ಕಟಿಂಗ್ ಅಂಗಡಿಯವನು ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದ. ಲೇಖನದಲ್ಲಿ ನಾನು ಮಾಮಾನ ಹೆಸರು ಬರೆದಿರಲಿಲ್ಲ, ಆದರೆ ಡಬ್ಬಿ ಸಾಗಿಸಿದವನು ಯಾರೆಂದು ಊರಿಗೇ ಗೊತ್ತು. ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತವರಿಗೆಲ್ಲ ಅದೇ ಓದು. ಗಿರಣಿಗೆ ಜೋಳ ತಂದವರು ಶುರುಮಾಡಿದರು.

"ಏನ್ರಿ, ನಿಮ್ಮ ಗಿರಣ್ಯಾಗ ಹಿಟ್ಟು ಹಾಕಿದ್ರ ಜೋಳ ಬರ್ತಾವೇನ್ರಿ?"

ಮಾಮಾ ಕಟಿಂಗಿಗೆ ಕಕ್ಕೇರಾಕ್ಕೆ ಹೋಗತೊಡಗಿದರು. ತಲೆಯ ಮೇಲೆ ಹೆಚ್ಚೇನೂ ಇಲ್ಲದ ಮನುಷ್ಯ ತಿಂಗಳಿಗೊಮ್ಮೆ ಬಸ್ಸು ಹಿಡಿದು ಬೇರೆ ಊರಿಗೆ ಹೋಗಿ ಕೂದಲು ತೆಗೆಸಿಕೊಂಡು ಬರುವುದು ನನಗೆ ಇನ್ನೊಂದು ಲೇಖನದ ವಸ್ತುವಾಗಿ ಕಂಡಿತೇ ಹೊರತು ಬೇರೇನೂ ಅನ್ನಿಸಲಿಲ್ಲ. ಅದನ್ನು ಬರೆಯದಂತೆ ತಡೆದದ್ದು ಅತ್ತಿ, ಅವರ ಹೆಂಡತಿ. "ಇನ್ನೊಂದ ಬರದ್ರ ನಮ್ಮನಿ ಹೊಸ್ತಲಾ ತುಳೀಬ್ಯಾಡ," ಎಂದಿದ್ದರು.

ಈ ವರ್ಷ ಹಾರುವವನು ಮತ್ತೆ ಬಂದ. ಹೊಸ ನಟ, ಹೊಸ ತಂತ್ರ, ಕನ್ನಡ ಮಾತು ಹಾಕಿದ್ದು, ಯಾದಗಿರಿಯಲ್ಲಿ. ಹಳೆಯದರ ಹತ್ತಿರ ಹೊಸದು ಬರುವುದೇ ಇಲ್ಲ ಎಂದು ಒಂದು ಗುಂಪು, ಹಳೆಯದು ಮಕ್ಕಳಾಟ ಎಂದು ಇನ್ನೊಂದು ಗುಂಪು ಫೋನಿನಲ್ಲಿ ಜಗಳ ಶುರುಮಾಡಿದ್ದವು. ಮಾಮಾ ಫೋನ್ ಮಾಡಿದರು. ಹನ್ನೊಂದು ವರ್ಷದಲ್ಲಿ ಅವರಾಗಿಯೇ ಮಾಡಿದ್ದು ಅದೇ ಮೊದಲು.

"ನೋಡಾಕ ಹೋಗೂಣು ಬಾ. ಒಂದ ಸಲರ ಪೂರಾ ನೋಡಬೇಕು ನಾ."

ಅತ್ತಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಬಸ್ಸು ಶಹಾಪುರ ದಾಟುವಾಗ ಮಾಮಾ ಹಳೆಯ ಟಾಕೀಸು ಇದ್ದ ಕಡೆಗೆ ಮುಖ ತಿರುಗಿಸಲಿಲ್ಲ. ಮಲಗಿದ ಬುದ್ಧನ ಗುಡ್ಡವನ್ನೇ ನೋಡುತ್ತ ಕೂತರು. ಭೀಮಾ ನದಿಯ ಸೇತುವೆ ಬಂದ ಮೇಲೆ ಬಾಯಿ ಬಿಟ್ಟರು.

"ಒಂದ ಮಾತು ಕೇಳ್ತೀನಿ. ಆ ಟಾಕೀಸಿನ್ಯಾಗ ಕುರ್ಚಿ ಎಲ್ಲಿದ್ದುವು?"

"ಅಂದ್ರ?"

"ಕಟಗಿ ಬೆಂಚ್ ಇದ್ದುವು. ಬರೇ ಕಟಗಿ. ಕಟಗಿ ಬೆಂಚ್ ಹೆಂಗ ಹರೀತಾರ? ತೆಂಗಿನ ನಾರು ಎಲ್ಲಿಂದ ಬಂತು?"

ಸ್ಮೃತಿಯನ್ನು ನಂಬಬಾರದು, ಅದು ನಮಗೆ ಬೇಕಾದ್ದನ್ನು ಹೊಲಿದುಕೊಡುತ್ತದೆ ಎಂದು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಯಾರೂ ನನ್ನನ್ನು ಬೆಂಚು ಯಾವುದರದ್ದು ಎಂದು ಕೇಳಿರಲಿಲ್ಲ.

"ಹನ್ನೊಂದು ವರ್ಷ ಅದನ್ನ ಹೇಳೂದು ಬಿಟ್ಟು ಸುಮ್ಮನ್ಯಾಕ ಇದ್ರಿ ಮಾಮಾ?"

"ನೀ ಕೇಳಿದ್ಯಾ?"

ಸಿನಿಮಾ ಶುರುವಾಯಿತು. ಮೊದಲ ದೃಶ್ಯದಲ್ಲೇ ಹಾರುವವನು ಹೊಗೆ ಬಿಡುತ್ತ ಆಕಾಶದಿಂದ ಬೀಳುತ್ತಿದ್ದ. ಅಂಗಿ ಸುಟ್ಟಿದೆ, ಮುಖದಲ್ಲಿ ರಕ್ತ. ನೆಲಕ್ಕೆ ಬಡಿಯುವ ಮೊದಲೇ ಪರದೆ ಕಪ್ಪಾಗಿ ಅಕ್ಷರ ಬಂತು: ಹನ್ನೆರಡು ವರ್ಷಗಳ ಹಿಂದೆ. ನನಗೆ ಗೊತ್ತಿದ್ದ ವಿದ್ಯೆ. ಪಕ್ಕದಲ್ಲಿ ಮಾಮಾ ಎದ್ದು ನಿಂತರು.

"ಡಬ್ಬಿ ಅದಲಬದಲ್ ಆಗ್ಯಾವ!"

"ಕೂಡ್ರಿ ಕಾಕಾ!" ಎಂದು ಹಿಂದಿನಿಂದ ಯಾರೋ. "ಕಾಣವಲ್ದು!"

"ಏ ತಮ್ಮಾ, ಹಿಂದಿಂದು ಮೊದಲು ಹಚ್ಯಾರ, ಸುಮ್ನ ನೋಡ್ಕೋತ ಕುಂತೀಯಲ್ಲ!"

"ಅದು ಹಂಗ ಅದರಿ, ಸ್ಟೈಲ್!"

ಮಾಮಾ ಕೇಳಲಿಲ್ಲ. ತುಳಿಯುತ್ತ, ಬೈಸಿಕೊಳ್ಳುತ್ತ ಸಾಲಿನಿಂದ ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಆಪರೇಟರ್ ಎಲ್ಲಿ ಎಂದು ಅವರು ಮೆಟ್ಟಿಲ ಬಳಿ ನಿಂತಿದ್ದ ಹೆಂಗಸನ್ನು ಕೇಳುತ್ತಿದ್ದರು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡಿದ್ದ ಆಕೆ ಸಮಾಧಾನದಿಂದ ಹೇಳಿದಳು.

"ಆಪರೇಟರ್ ಅಂತ ಯಾರೂ ಇಲ್ರಿ ಕಾಕಾ. ಪಿಕ್ಚರ್ ಕಂಪ್ಯೂಟರಿನ್ಯಾಗ ಬರ್ತದ. ಟೈಮಿಗೆ ತಾನ ಶುರು ಆಗ್ತದ."

"ಡಬ್ಬಿ?"

"ಡಬ್ಬಿ ಇಲ್ರಿ."

"ತರಾಂವ?"

"ತರಾಂವನೂ ಇಲ್ಲ."

ಮಾಮಾ ಮೆಟ್ಟಿಲ ಮೇಲಕ್ಕೊಮ್ಮೆ ನೋಡಿ ಕೇಳಿದರು: "ಹಂಗಾದ್ರ ತಪ್ಪಾದ್ರ ಯಾರನ್ನ ಬೈತೀರವ್ವ?"

ಆಕೆಗೆ ನಗು ಬಂತು. ನನಗೆ ಬರಲಿಲ್ಲ.

ಒಳಗೆ ಬಂದು ಉಳಿದದ್ದನ್ನು ನೋಡಿದೆವು. ಹೊಸ ಸಿನಿಮಾ ಹಿಂದಕ್ಕೂ ಮುಂದಕ್ಕೂ ಹಾರುತ್ತಲೇ ಇತ್ತು, ನಾಯಕ ಮಾತ್ರ ಕಡಿಮೆ ಹಾರಿದ. ಬಹಳ ಹೊತ್ತು ಕಿಟಕಿಯ ಪಕ್ಕ ನಿಂತು ಯೋಚಿಸುತ್ತಿದ್ದ. ಕೌದಿ ಇರಲಿಲ್ಲ. ಲೋಹದ ನೂಲಿನಿಂದ ಪ್ರಯೋಗಾಲಯದಲ್ಲಿ ನೇಯ್ದ ಅಂಗಿ. ಅಜ್ಜಿ ಒಂದು ಫೋಟೋದಲ್ಲಿದ್ದಳು. ಹೊರದೇಶದ ಆ ಊರಿನಲ್ಲಿ ಪೊಲೀಸರಿಂದ ಹಿಡಿದು ಕಳ್ಳರವರೆಗೆ ಎಲ್ಲರೂ ಮೈಸೂರು ಕಡೆಯ ಕನ್ನಡ ಮಾತಾಡುತ್ತಿದ್ದರು.

ಹೊರಗೆ ಚಹಾ ಕುಡಿಯುತ್ತ ನಾನು ಕೇಳಿದೆ: "ಹೆಂಗಿತ್ರಿ? ಹಳೇದಕ್ಕ ಸಮ ಆಗ್ತದೇನು?"

"ಚಿತ್ರ ಚಂದ ಅದಾವ. ಖರ್ಚು ಮಾಡ್ಯಾರ." ಚಹಾ ಬಸಿಗೆ ಸುರಿದುಕೊಂಡರು. "ಆದ್ರ ಮಂದಿ ಮ್ಯಾಲ ನಂಬಿಕಿ ಇಲ್ಲ ಅವರಿಗೆ. ಹನ್ನೆರಡು ವರ್ಷದ ಹಿಂದ, ಮೂರು ದಿನ ಆದಮ್ಯಾಲ ಅಂತ ಘಳಿಗಿಗೊಮ್ಮೆ ಬರದು ಹೇಳ್ತಾರ. ನಾವು ಬರದಿದ್ವೇನು? ಏನೂ ಹೇಳದ ಹಚ್ಚಿದ್ವಿ. ಮಂದಿ ತಾವ ಜೋಡಿಸ್ಕೊಂಡ್ರು."

ಈ ಸಿನಿಮಾದ ಬಗ್ಗೆ ಆಮೇಲೆ ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ಹರಿತವಾದದ್ದು ಕಾಣಲಿಲ್ಲ. ಕಥೆಯನ್ನು ಕೊನೆಯಿಂದ ಶುರು ಮಾಡಿದ್ದು ಮಹಾ ಧೈರ್ಯ ಎಂದು ಎಲ್ಲರೂ ಹೊಗಳಿದ್ದರು. ಆ ಧೈರ್ಯ ಸುರಪುರದಲ್ಲಿ ಪಾಯಿಜಾಮದ ಲಾಡಿಯಿಂದ ಬಂದಿತ್ತು.

"ಮತ್ತ ಕೌದಿ ತಗದುಬಿಟ್ಟಾರಲ್ರಿ," ಎಂದೆ ನಾನು. "ಕೌದಿ ಇಲ್ದ ಅಂವ ಯಾವ ಹಾರೂವಂವ?"

"ಹೂಂ," ಎಂದರು ಮಾಮಾ. ಯಾಕೋ ಆ ಹೂಂ ತೆಳ್ಳಗಿತ್ತು.

ಸಂಜೆ ಸುರಪುರಕ್ಕೆ ಬಂದಾಗ ಅವ್ವ ತಮ್ಮನ ಮನೆಗೇ ಬಂದು ಅತ್ತಿಯ ಜೊತೆ ಕಟ್ಟೆಯ ಮೇಲೆ ಕೂತಿದ್ದಳು. ಮಾಮಾ ಚಪ್ಪಲಿ ಬಿಡುವ ಮೊದಲೇ ನನ್ನ ಕಡೆ ಕೈ ತೋರಿಸಿದರು.

"ಹೇಳು ಇವರಿಗೆ. ಅವತ್ತು ಬೆಂಚಿನ್ಯಾಗ ಕುಂತು ಕಣ್ಣಾರೆ ನೋಡಿದಾಂವ ನೀ. ಮಂದಿ ಏನರ ಹರಿದ್ರೇನು?"

"ಇಲ್ಲ," ಎಂದೆ. "ಯಾರೂ ಏನೂ ಹರೀಲಿಲ್ಲ. ನಾ ಸುಳ್ಳು ಬರದಿದ್ದೆ."

ಮಾಮಾ ಹೆಂಡತಿಯ ಕಡೆ ನೋಡಿದರು. ಅತ್ತಿ ನನ್ನ ಕಡೆ ನೋಡಿದರು. ಅಷ್ಟಕ್ಕೇ ನಿಂತಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅವ್ವ ಬಾಯಿ ಹಾಕಿದಳು.

"ಇವಾ ಎಲ್ಲಿ ನೋಡ್ಯಾನ? ಆ ವಾರ ಪೂರಾ ಮೈತುಂಬ ಅಮ್ಮನ ಗುಳ್ಳಿ ಎದ್ದು ಬೇವಿನ ತಪ್ಪಲದಾಗ ಬಿದ್ದಿದ್ದ. ಹೊಸ್ತಲಾ ದಾಟಿಲ್ಲ. ನೀನ ಬಂದು ಹೊರಗ ಕುಂತು ಕತಿ ಹೇಳಿಯಲ್ಲೋ ತಮ್ಮಾ, ಒಳಗ ಬರಬಾರ್ದಂತ."

ನಾನು ಮುಂದಿನ ಬೆಂಚಿನಲ್ಲಿ ಕೂತಿದ್ದೆ. ಈಗಲೂ ಕೂತಿದ್ದೇನೆ, ತೊಡೆಯ ಕೆಳಗೆ ಕಟ್ಟಿಗೆಯ ತಣ್ಣಗಿನ ಸ್ಪರ್ಶವಿದೆ. ಆ ಸ್ಪರ್ಶ ಬಸ್ಸಿನಲ್ಲಿ ಮಾಮಾ ಬೆಂಚು ಎಂದ ಮೇಲೆ ಬಂದದ್ದೋ, ಮೊದಲೇ ಇತ್ತೋ ಹೇಳಲಾರೆ. ಅದಕ್ಕೂ ಮೊದಲು ಹನ್ನೊಂದು ವರ್ಷ ತೊಡೆಯ ಕೆಳಗೆ ಮೆತ್ತಗಿನ ಸೀಟೂ ಇತ್ತು.

"ಮಾಮಾ, ನಿಮಗ ಗೊತ್ತಿತ್ತೇನು, ನಾ ಅಲ್ಲಿ ಇದ್ದಿಲ್ಲಂತ?"

"ಗೊತ್ತಿತ್ತು."

"ಮತ್ತ ಹೇಳಲಿಲ್ಲ?"

"ಹೇಳಿದ್ರ ಇದ್ದ ಒಬ್ಬ ಸಾಕ್ಷಿನೂ ಹೋಗ್ತಿದ್ದ."

ಅತ್ತಿ ಸೆರಗು ಬಾಯಿಗೆ ಹಿಡಿದುಕೊಂಡರು. ಅವ್ವ ಮುಚ್ಚದೆಯೇ ನಕ್ಕಳು. ಮಾಮಾ ಕಟ್ಟೆಯ ಮೇಲೆ ಕೂತು, ಯಾವ ಮುಲಾಜೂ ಇಲ್ಲದೆ, ತಾನು ಕಂಡದ್ದು ಕೊನೆಗೆ ಓಡಿದ ಅರ್ಧ ಮಾತ್ರ ಎಂದು ಒಪ್ಪಿಕೊಂಡರು. ಹೊಡೆದಾಟ, ಬೆಂಕಿ, ಬೀಳುವುದು, ಇದೆಲ್ಲ ಆಗ ಅವರು ರಸ್ತೆಯ ಮೇಲಿದ್ದರು. ಅದನ್ನು ಅವರಿಗೆ ಹೇಳಿದ್ದು ಆಪರೇಟರ್ ಚಾಚಾ. ನನಗೆ ಹೇಳಿದ್ದು ಅವರು. ಹೊಸ್ತಿಲ ಆಚೆ ಕೂತು ತನ್ನದೇ ಒಂದಿಷ್ಟು ಸೇರಿಸಿದ್ದರೂ ಸೇರಿಸಿರಬಹುದು. ಚಾಚಾ ಈಗಿಲ್ಲ.

"ಹಂಗಾದ್ರ ಕೌದಿ?" ಎಂದು ಕೇಳಿದೆ. "ಅದರ ಇತ್ತೇನ್ರಿ?"

"ಏನರ ಒಂದು ಹೊದ್ದಿದ್ದ," ಎಂದರು ಮಾಮಾ. "ನಿನಗ ಆಗ ಚಳಿ ಹತ್ತಿತ್ತು. ಎಲ್ಲಾ ಕೇಳಬ್ಯಾಡ."

ಆ ಹಳೆಯ ಸಿನಿಮಾ ಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ಹುಡುಕಿಲ್ಲ. ಹೊಸದು ಹಳೆಯದಕ್ಕೆ ಸರಿಸಾಟಿಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಹಳೆಯದನ್ನು ನೋಡದಿರುವುದರಿಂದ ಈ ಅಭಿಪ್ರಾಯ ಬದಲಾಗುವ ಭಯವಿಲ್ಲ.

ಇಲ್ಲಿಯವರೆಗೆ ಬರೆದು ಮಾಮಾನಿಗೆ ಓದಿ ಹೇಳಿದೆ. ಗಿರಣಿ ನಿಲ್ಲಿಸಿ ಕೇಳಿದರು. ಮೀಸೆಗೆ ಹತ್ತಿದ ಹಿಟ್ಟು ಒರೆಸಿಕೊಂಡು, ಗೇಟ್‌ಕೀಪರನ ಲಾಡಿ ಇರಲಿ, ಸಾಕ್ಷಿಯ ಮಾತು ತೆಗೆ ಎಂದರು. ತೆಗೆಯುವುದಿಲ್ಲ ಎಂದೆ. ಹೋಗಲಿ, ಕುರ್ಚಿ ಹರಿಯಲಿಲ್ಲ ಎಂದು ಇದೆಯಲ್ಲ, ಸಾಕು ಎಂದರು. ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಗೋಂದಿನ ಬಾಟಲಿ ಹಿಡಿದು, ಹನ್ನೊಂದು ವರ್ಷದ ನಂತರ ಬಸ್‌ಸ್ಟ್ಯಾಂಡಿನ ಕಟಿಂಗ್ ಅಂಗಡಿಗೆ ನಡೆದರು. ಹಳೆಯದರ ಮೇಲೆಯೇ ಇದನ್ನು ಅಂಟಿಸಬೇಕೆಂಬ ಹಟ. ನನ್ನನ್ನೂ ಎಳೆದುಕೊಂಡು ಹೋದರು.

ಅಂಗಡಿಯ ಗೋಡೆಗೆಲ್ಲ ಹೊಳೆಯುವ ಪ್ಲಾಸ್ಟಿಕ್ ಹಲಗೆ ಹೊಡೆಸಿದ್ದರು. ಕನ್ನಡಿ ಆ ಗೋಡೆಯಿಂದ ಈ ಗೋಡೆಗೆ ಬಂದಿತ್ತು.

"ಇಲ್ಲೊಂದು ಪೇಪರ್ ಕಟಿಂಗ್ ಇತ್ತಲ್ಲಪಾ?" ಎಂದು ಮಾಮಾ ಕೇಳಿದರು.

"ಯಾವ ಪೇಪರ್ ರಿ?" ಎಂದ ಅಂಗಡಿಯವನು, ಗಿರಾಕಿಯ ಕಿವಿಯ ಹಿಂದೆ ಕತ್ತರಿ ಆಡಿಸುತ್ತ. "ಸುಣ್ಣ ಹೊಡಿಸಿದಾಗ ಹೋಗಿರಬೇಕ್ರಿ. ಐದಾರು ವರ್ಷಾದ್ವು."

"ಐದಾರು ವರ್ಷ?"

"ಹೌದ್ರಿ. ಏನಿತ್ರಿ ಅದರಾಗ?"

ಮಾಮಾ ನನ್ನ ಮುಖ ನೋಡಿದರು, ಗೋಂದಿನ ಬಾಟಲಿ ನೋಡಿದರು. ಐದಾರು ವರ್ಷದ ಕಕ್ಕೇರಾದ ಬಸ್ಸುಗಳೆಲ್ಲ ಅವರ ಮುಖದಲ್ಲಿ ಒಂದೊಂದಾಗಿ ಹಾದುಹೋದವು ಎಂದು ಬರೆಯಬಹುದು. ನಾನು ಹಾಗೆ ಕಂಡೆ ಎಂದು ಪ್ರಮಾಣ ಮಾಡಲಾರೆ. ಕಂಡದ್ದು ಇಷ್ಟು: ಅವರು ಬಾಟಲಿಯನ್ನು ಕನ್ನಡಿಯ ಮುಂದೆ ಇಟ್ಟು, ಖಾಲಿ ಕುರ್ಚಿಯ ಸೀಟನ್ನು ಒಮ್ಮೆ ಒತ್ತಿ ನೋಡಿದರು. ಮೆತ್ತಗಿತ್ತು. ಒಂದು ಮೂಲೆಯಲ್ಲಿ ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು.

"ಕುಂಡ್ರಲೇನು?" ಎಂದು ಕೇಳಿ ಕೂತರು. "ಕಟಿಂಗ್ ಮಾಡು. ಏನಿತ್ತಂತ ಹೇಳ್ತೀನಿ. ಮೂವತ್ತು ವರ್ಷದ ಹಿಂದ ನಮ್ಮ ಟಾಕೀಸಿಗಿ ಒಂದ ಪಿಕ್ಚರ್ ಬಂದಿತ್ತು. ಅದನ್ನ ಶಹಾಪುರದಿಂದ ತಂದಾಂವ ನಾನ."